ಗೆಣ್ಣು ನೋಡಿ ಕತ್ತರಿಸಿ: ಅರಬ್ಬಿ ಹೆಸರು ಬಿಡಿಸುವ ಬಗೆ

ಊರಲ್ಲಿ ಜಮೀನಿದ್ದರೆ ಪಹಣಿಯನ್ನೊಮ್ಮೆ ತೆಗೆದು ನೋಡಿ. ‘ತಿಮ್ಮೇಗೌಡ ಬಿನ್ ಕರೀಗೌಡ’ ಎಂಬಂಥ ನಮೂದು ಕಣ್ಣಿಗೆ ಬೀಳುತ್ತದೆ. ಆ ‘ಬಿನ್’ ಅಪ್ಪಟ ಅರಬ್ಬಿ. ಮಗ ಎಂದು ಅರ್ಥ. ಪಾರ್ಸಿ ಆಡಳಿತದ ಜೊತೆ ಬಂದದ್ದು ಶಾನುಭೋಗರ ಕಡತದಲ್ಲಿ ಉಳಿದುಕೊಂಡಿತು. ಇಷ್ಟು ಹಳೆಯ ಬಳಕೆ ಇದ್ದರೂ ನಿಜವಾದ ಅರಬ್ಬಿ ಹೆಸರೊಂದು ಎದುರಾದರೆ ನಮ್ಮವರು ತಡವರಿಸುತ್ತಾರೆ.

ನಾನು 11 ವರ್ಷ ಸೌದಿಯ ದಮ್ಮಾಮ್‌ನಲ್ಲಿ ಸಂಬಳದ ಪಟ್ಟಿ ಮಾಡುತ್ತಿದ್ದವನು. ದಿನಾ ಪಾಸ್‌ಪೋರ್ಟು, ಇಖಾಮಾ ಎಂಬ ವಾಸದ ಪರವಾನಗಿ ಚೀಟಿಗಳ ಮೇಲಿನ ಹೆಸರು ತಾಳೆ ನೋಡುವುದೇ ಕೆಲಸ. ಅಲ್ಲಿ ಕಂಡ ತಪ್ಪುಗಳಲ್ಲಿ ಮುಕ್ಕಾಲು ಪಾಲು ಒಂದೇ ಬಗೆಯವು: ಹೆಸರನ್ನು ಫಸ್ಟ್ ನೇಮ್, ಸರ್‌ನೇಮ್ ಎಂಬ ಎರಡು ಡಬ್ಬಿಗೆ ತುರುಕುವುದು. ಅರಬ್ಬಿ ಹೆಸರು ಕಬ್ಬಿನ ಜಲ್ಲೆಯಂಥದ್ದು. ಗೆಣ್ಣು ಎಲ್ಲಿದೆ ಎಂದು ಮೊದಲು ನೋಡಬೇಕು, ಆಮೇಲೆ ಕತ್ತಿ ಎತ್ತಬೇಕು.

ಹೆಜ್ಜೆ 1: ಹೆಸರು ಅರಬ್ಬಿಯೇ ಹೌದೇ?

ಮುಸ್ಲಿಮರ ಹೆಸರೆಲ್ಲ ಅರಬ್ಬಿಯಲ್ಲ. ಪರ್ವೀನ್, ಫಿರೋಜ್, ಶಿರೀನ್, ಗುಲ್ಜಾರ್ ಪಾರ್ಸಿ. ಖಾನ್, ಬೇಗಂ ತುರ್ಕಿ ಕಡೆಯವು. ಇಬ್ರಾಹಿಂ, ಮೂಸಾ, ದಾವೂದ್ ಅರಬ್ಬಿಗಿಂತ ಹಳೆಯವು. ಹೀಬ್ರೂ ಬೈಬಲಿನ ಅಬ್ರಹಾಂ, ಮೋಶೆ, ದಾವೀದರೇ ಇವರು. ಹಾಗೆಯೇ ಅರಬ್ಬಿ ಹೆಸರಿನವರೆಲ್ಲ ಮುಸ್ಲಿಮರೂ ಅಲ್ಲ. ಲೆಬನಾನಿನಲ್ಲಿ ‘ಖೂರಿ’ ಎಂಬ ಮನೆತನದ ಹೆಸರಿನ ಅರ್ಥವೇ ಪಾದ್ರಿ. ಇನ್ನು ಮಲ್ಲಿಕಾರ್ಜುನ ಮನ್ಸೂರರ ‘ಮನ್ಸೂರ್’ ಕಂಡು ಅರಬ್ಬಿ ನಿಘಂಟು ತೆರೆಯಬೇಡಿ. ಅದು ಧಾರವಾಡದ ಪಕ್ಕದ ಊರು.

ಹೆಜ್ಜೆ 2: ಗೆಣ್ಣು ಹುಡುಕಿ

ಎಲ್ಲರೂ ಬೀಳುವುದು ಇಲ್ಲೇ. ಆದ್ದರಿಂದ ಇಲ್ಲಿ ನಿಧಾನ.

‘ಅಬ್ದುಲ್’ ಎಂಬ ಹೆಸರು ಇಲ್ಲ. ಇದೊಂದನ್ನು ನೆನಪಿಟ್ಟರೂ ಅರ್ಧ ಕೆಲಸ ಮುಗಿದಂತೆ. ‘ಅಬ್ದ್’ ಅಂದರೆ ದಾಸ. ಅದಕ್ಕೆ ಅಂಟಿದ ‘ಉ’ ವಿಭಕ್ತಿಯ ಗುರುತು. ಕೊನೆಯ ‘ಲ್’ ಮುಂದಿನ ಪದಕ್ಕೆ ಸೇರಿದ ‘ಅಲ್’, ಅಂದರೆ ‘ಆ’ ಎಂದು ಬೊಟ್ಟು ಮಾಡಿ ತೋರಿಸುವ ತುಣುಕು. ಅಲ್ಲಿಗೆ ಅಬ್ದುಲ್ ಅಂದರೆ ‘ದಾಸ, ಆ…’ ಎಂದು ಬಾಯಿ ತೆರೆದು ನಿಂತ ಹಾಗೆ. ಯಾರ ದಾಸ ಎಂಬುದು ಮುಂದಿದೆ: ರಹ್ಮಾನ್, ಅಂದರೆ ಕರುಣಾಮಯ, ಕರೀಮ್, ಅಂದರೆ ಉದಾರಿ, ಅಜೀಜ್, ಅಂದರೆ ಪ್ರಬಲ. ಇವು ದೇವರ 99 ನಾಮಗಳಿಂದ ಬಂದವು. ಅಬ್ದುಲ್ ರಹ್ಮಾನ್ ಎಂಬವರನ್ನು ‘ಅಬ್ದುಲ್’ ಎಂದು ಕರೆದರೆ ಮಾತು ಅರ್ಧಕ್ಕೆ ನಿಂತಿತು. ‘ರಹ್ಮಾನ್ ಸಾಹೇಬರೇ’ ಎಂದರೆ ದಾಸನ ಮೇಲೆ ದೇವರ ಹೆಸರನ್ನೇ ಹೊರಿಸಿದ ಹಾಗೆ. ಆ ನಾಮ ದೇವರೊಬ್ಬನಿಗೇ ಮೀಸಲು. ನಮ್ಮಲ್ಲಿ ಹಾಗೆ ಕರೆಯುವುದು ರೂಢಿಯಾಗಿಬಿಟ್ಟಿದೆ, ಕರೆಸಿಕೊಳ್ಳುವವರೂ ಸುಮ್ಮನಿರುತ್ತಾರೆ. ಆದರೆ ಅರ್ಥ ತಿಳಿಯಹೊರಟವರು ಎರಡನ್ನೂ ಕೂಡಿಸಿಯೇ ಓದಬೇಕು. ಅದು ಒಂದೇ ಹೆಸರು, ಒಂದೇ ಗೆಣ್ಣಿನೊಳಗಿನ ರಸ.

ಈ ‘ಅಲ್’ ವೇಷ ಮರೆಸುತ್ತದೆ, ಅದೇ ತೊಡಕು. ಅರಬ್ಬಿಯ 28 ಅಕ್ಷರಗಳಲ್ಲಿ 14ನ್ನು ಸೂರ್ಯಾಕ್ಷರ, ಉಳಿದ 14ನ್ನು ಚಂದ್ರಾಕ್ಷರ ಎನ್ನುತ್ತಾರೆ. ಸೂರ್ಯಾಕ್ಷರ ಎದುರಾದರೆ ‘ಲ್’ ಕರಗಿ ಆ ಅಕ್ಷರವೇ ಆಗಿಬಿಡುತ್ತದೆ. ನಮ್ಮಲ್ಲಿ ಜಗತ್ + ನಾಥ ಸೇರಿ ಜಗನ್ನಾಥ ಆಗುವುದಿಲ್ಲವೇ, ಹಾಗೆ. ಅಬ್ದ್ + ಅಲ್ + ರಹ್ಮಾನ್ ಬಾಯಲ್ಲಿ ‘ಅಬ್ದುರ್ರಹ್ಮಾನ್’. ಸಲಾಮ್ ಬಂದರೆ ‘ಅಬ್ದುಸ್ಸಲಾಮ್’. ಕರೀಮಿನ ‘ಕ’ ಚಂದ್ರನ ಕಡೆಯದು, ಅಲ್ಲಿ ‘ಲ್’ ಉಳಿಯುತ್ತದೆ. ಹಾಗಾಗಿ ಹೆಸರಿನ ನಡುವೆ ಉಲ್, ಉರ್, ಉಸ್, ಉನ್, ಉದ್ ಯಾವುದೇ ಕಂಡರೂ ಅದು ಕೊಂಡಿ. ಅಲ್ಲಿ ಕತ್ತಿ ಇಡಬೇಡಿ.

‘ಉದ್ದೀನ್’ ಕೂಡ ಇದೇ ಕೊಂಡಿ. ಸಲಾಹ್ + ಅಲ್ + ದೀನ್ ಸೇರಿ ಸಲಾಹುದ್ದೀನ್, ಧರ್ಮದ ಸುಕ್ಷೇಮ. ಅಜರುದ್ದೀನ್ ಅಂದರೆ ಧರ್ಮದ ಪ್ರಕಾಶ. ‘ಉದ್ದೀನ್’ ಅನ್ನು ಸರ್‌ನೇಮ್ ಮಾಡಿ ಅರ್ಜಿ ತುಂಬಿದವರನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ‘ಮಿಸ್ಟರ್ ಧರ್ಮದ’ ಎಂದು ಕರೆದಂತಾಯಿತು. ಕ್ರಿಕೆಟ್ ಕಾಮೆಂಟರಿಯಲ್ಲಿ ಮಿಸ್ಬಾ ಉಲ್ ಹಕ್ ಬರೀ ‘ಹಕ್’ ಆಗುವುದೂ ಇದೇ ಜಾತಿಯ ತಪ್ಪು. ಪೂರ್ತಿ ಹೆಸರಿನ ಅರ್ಥ ಸತ್ಯದ ದೀಪ, ತುಂಡು ಮಾಡಿದರೆ ದೀಪ ಆರಿಹೋಗುತ್ತದೆ.

ದೊಡ್ಡವರ ಹೆಸರಿಗೂ ಈ ಗತಿ ತಪ್ಪಿಲ್ಲ. ಈಜಿಪ್ಟಿನ ಅಧ್ಯಕ್ಷರಾಗಿದ್ದ ಗಮಾಲ್ ಅಬ್ದುಲ್ ನಾಸಿರ್ ಅವರನ್ನು ಜಗತ್ತು ‘ನಾಸರ್’ ಎಂದಿತು. ಅವರ ಸ್ವಂತ ಹೆಸರು ಗಮಾಲ್. ಅಬ್ದುಲ್ ನಾಸಿರ್ ಎಂಬುದು ಅಪ್ಪನ ಹೆಸರು. ಅದರಲ್ಲೂ ಅರ್ಧ ಮುರಿದು ಮಗನಿಗೆ ತೊಡಿಸಿದ್ದಾಯಿತು.

ಅಡ್ಡದಾರಿಯ ಬಗ್ಗೆ ಒಂದು ಮಾತು. 2022ರ ನವೆಂಬರಿನಲ್ಲಿ ಯುಎಇ, ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲ ಎಂದಾಗ ನಮ್ಮೂರ ಕಡೆ ಕೆಲವರು ಅಬ್ದುಲ್ ಒಂದು ಕಾಲಂಗೆ, ಉಳಿದದ್ದು ಇನ್ನೊಂದಕ್ಕೆ ಎಂದು ಸೀಳಿ ಕೈತೊಳೆದುಕೊಂಡರು. ಆಮೇಲೆ ಶಾಲೆಯ ದಾಖಲೆ, ಬ್ಯಾಂಕು, ಮದುವೆ ಸರ್ಟಿಫಿಕೇಟು ಒಂದಕ್ಕೊಂದು ಹೊಂದದೆ ವರ್ಷಗಟ್ಟಲೆ ಅಲೆದರು. ಎರಡನೇ ಕಾಲಂ ತುಂಬಲೇಬೇಕೆಂದರೆ ಅಪ್ಪನ ಹೆಸರು ಸೇರಿಸಿ. ಅರಬ್ಬರ ಪದ್ಧತಿಯೂ ಅದೇ.

ಹೆಜ್ಜೆ 3: ಅಪ್ಪ, ಮಗ, ಮನೆತನ

ಇಬ್ನ್ ಅಥವಾ ಬಿನ್ ಅಂದರೆ ಮಗ, ಬಿಂತ್ ಅಂದರೆ ಮಗಳು. ಮದುವೆಯಾದರೂ ಅರಬ್ ಹೆಣ್ಣುಮಗಳು ಅಪ್ಪನ ಹೆಸರನ್ನು ಬಿಡುವುದಿಲ್ಲ. ಅನೇಕ ಕಡೆ ಬಿನ್ ಈಗ ಬಿದ್ದುಹೋಗಿದೆ. ಹೆಸರುಗಳನ್ನು ಸಾಲಾಗಿ ಇಡುತ್ತಾರಷ್ಟೆ. ಸದ್ದಾಂ ಹುಸೇನ್ ಎಂದರೆ ಹುಸೇನನ ಮಗ ಸದ್ದಾಂ. ಕವಿ ಖಲೀಲ್ ಗಿಬ್ರಾನರದು ಇನ್ನೂ ತಮಾಷೆ. 1883ರಲ್ಲಿ ಲೆಬನಾನಿನ ಬ್ಶರ್ರಿಯಲ್ಲಿ ಹುಟ್ಟಿದಾಗ ಅವರು ಜುಬ್ರಾನ್ ಖಲೀಲ್ ಜುಬ್ರಾನ್. ಖಲೀಲ್ ಎಂಬುದು ಅಪ್ಪ. ಬಾಸ್ಟನ್ನಿನ ಶಾಲೆಯಲ್ಲಿ ಹೆಸರು ಮೊಟಕಾಗಿ, ಕಾಗುಣಿತವೂ ಕೆಟ್ಟು, ಇವತ್ತಿಗೂ ನಾವೆಲ್ಲ ಅವರನ್ನು ಅಪ್ಪನ ಹೆಸರಿನಿಂದಲೇ ಕರೆಯುತ್ತಿದ್ದೇವೆ.

ಅಬು ಅಂದರೆ ಅಪ್ಪ, ಉಮ್ಮ್ ಅಂದರೆ ಅಮ್ಮ. ಹಿರಿಮಗನ ಹೆಸರು ಸೇರಿಸಿ ‘ಇಂಥವನ ಅಪ್ಪ’ ಎಂದು ಕರೆಯುವುದು ಗೌರವ. ನಮ್ಮ ಹಳ್ಳಿಯಲ್ಲೂ ‘ಸೀನನ ಅವ್ವಾ’ ಎಂದೇ ಕೂಗುತ್ತಾರಲ್ಲ. ಆದರೆ ಇದನ್ನು ಯಾವಾಗಲೂ ಅಕ್ಷರಶಃ ತೆಗೆದುಕೊಳ್ಳುವಂತಿಲ್ಲ. ಮೊದಲ ಖಲೀಫ ಅಬೂಬಕ್ಕರರ ‘ಬಕ್ರ್’ ಅಂದರೆ ಎಳೆಯ ಒಂಟೆ. ಅವರ ಸ್ವಂತ ಹೆಸರು ಅಬ್ದುಲ್ಲಾ.

ಇನ್ನು ‘ಅಲ್’ ಮತ್ತು ‘ಆಲ್’. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಕಾಗುಣಿತ, ಅರಬ್ಬಿಯಲ್ಲಿ ಬೇರೆ ಬೇರೆ. ದೀರ್ಘದ ಆಲ್ ಅಂದರೆ ವಂಶ: ಆಲ್ ಸೌದ್, ಆಲ್ ಮಕ್ತೂಮ್. 2010ರಲ್ಲಿ ‘ಬುರ್ಜ್ ದುಬೈ’ ಹೆಸರನ್ನು ಬದಲಿಸಿ ಬುರ್ಜ್ ಖಲೀಫಾ ಎಂದದ್ದು ಖಲೀಫಾ ಬಿನ್ ಜಾಯಿದ್ ಆಲ್ ನಹ್ಯಾನ್ ಅವರ ಗೌರವಕ್ಕೆ. ಅಲ್ಲಿ ಖಲೀಫಾ ಪದವಿಯಲ್ಲ, ಅವರಿಗಿಟ್ಟ ಹೆಸರು. ಅವರ ಅಜ್ಜನ ಹೆಸರು ಸುಲ್ತಾನ್, ಅದೂ ಹೆಸರೇ.

ಹೆಜ್ಜೆ 4: ಬಾಲ ನೋಡಿ

ಕೊನೆಯಲ್ಲಿ ‘ಈ’ ಬಂದರೆ ಊರು, ಕುಲ ಅಥವಾ ಹಿರಿಯರ ಗುರುತು. ಬಗ್ದಾದಿ, ಹಲಬಿ ಊರಿನವು. ಹಲಬ್ ಅಂದರೆ ಅಲೆಪ್ಪೊ. ಖುರೇಷಿ ಎಂಬುದು ಪ್ರವಾದಿಯವರ ಕುಲ, ಅನ್ಸಾರಿ ಎಂಬುದು ಮದೀನಾದಲ್ಲಿ ಅವರಿಗೆ ನೆರವಾದವರ ಗುರುತು. ಗಣಿತಜ್ಞನೊಬ್ಬನ ಅಲ್ ಖ್ವಾರಿಜ್ಮಿ, ಅಂದರೆ ಖ್ವಾರಿಜ್ಮ್ ನಾಡಿನವನು, ಎಂಬ ಬಾಲವೇ ಲ್ಯಾಟಿನ್ ಬಾಯಲ್ಲಿ ತಿರುಚಿಕೊಂಡು ‘ಅಲ್ಗಾರಿದಮ್’ ಆಯಿತು. ಇಂಥ ಬಾಲ ಗುಟ್ಟನ್ನೂ ಹೊರಹಾಕುತ್ತದೆ: 1970ರ ದಶಕದಲ್ಲಿ ಇರಾಕ್ ಸರ್ಕಾರ ಇಂಥ ಉಪನಾಮಗಳ ಬಳಕೆಯನ್ನೇ ನಿಷೇಧಿಸಿತು. ಅಧಿಕಾರದಲ್ಲಿದ್ದ ಬಹಳ ಮಂದಿ ‘ತಿಕ್ರಿತಿ’ಗಳು, ಅಂದರೆ ತಿಕ್ರಿತ್ ಎಂಬ ಒಂದೇ ಊರಿನವರು ಎಂಬುದು ಎದ್ದು ಕಾಣುತ್ತಿತ್ತು.

ಬಾಲ ಕಂಡ ಕೂಡಲೇ ಅಲ್ಲೇ ಹುಟ್ಟಿದವರು ಎನ್ನಬೇಡಿ. ನಮ್ಮ ಸರ್ ಎಂ.ವಿ. ಅವರನ್ನೇ ಅರಬ್ಬಿ ಕ್ರಮದಲ್ಲಿ ಬರೆದರೆ ‘ವಿಶ್ವೇಶ್ವರಯ್ಯ ಇಬ್ನ್ ಶ್ರೀನಿವಾಸ ಅಲ್ ಮೋಕ್ಷಗುಂಡಮಿ’. ಹುಟ್ಟಿದ್ದು ಮುದ್ದೇನಹಳ್ಳಿ, ಹೆಸರಲ್ಲಿ ಉಳಿದದ್ದು ಆಂಧ್ರದ ಹಿರೀಕರ ಊರು.

ಕಸುಬಿನ ಬಾಲ ಬಲು ಸುಲಭ. ನಡುವಿನ ಅಕ್ಷರ ಒತ್ತಾಗಿ, ಆಮೇಲೆ ದೀರ್ಘ ಬಂದರೆ ಬಹುಮಟ್ಟಿಗೆ ಕಸುಬು: ಹದ್ದಾದ್ ಅಂದರೆ ಕಂಬಾರ, ನಜ್ಜಾರ್ ಅಂದರೆ ಬಡಿಗೇರ, ಖಯ್ಯಾತ್ ಅಂದರೆ ಸಿಂಪಿಗ. ಹುಬ್ಬಳ್ಳಿ, ಬಿಜಾಪುರ ಕಡೆಯ ಅತ್ತಾರ, ನದಾಫ ಇದೇ ಅಚ್ಚಿನವು: ಅತ್ತಾರ್ ಅತ್ತರು ಮಾರುವವನು, ನದ್ದಾಫ್ ಹತ್ತಿ ಹಿಂಜುವವನು. ಇನಾಮದಾರರಲ್ಲಿ ಇನಾಮು ಅರಬ್ಬಿ, ದಾರ ಪಾರ್ಸಿ. ಆ ಅಡ್ಡಹೆಸರಿನ ಹಿಂದೂ ಮನೆತನಗಳೂ ನಮ್ಮಲ್ಲಿವೆ.

ಹೆಜ್ಜೆ 5: ಈಗ ಅರ್ಥ

ಅರ್ಥ ಹುಡುಕುವುದು ಕೊನೆಗೆ. ಜನ ಇದನ್ನೇ ಮೊದಲು ಮಾಡುತ್ತಾರೆ, ಅದೂ ಮೊಬೈಲ್ ಆ್ಯಪಿನಲ್ಲಿ. ಅದೃಷ್ಟ ಸಂಖ್ಯೆ, ಅದೃಷ್ಟದ ಬಣ್ಣ ಹೇಳುವ ಆ್ಯಪಾದರೆ ಅಲ್ಲೇ ಅಳಿಸಿಹಾಕಿ. ರಯ್ಯಾನ್ ಎಂದರೆ ‘ಸ್ವರ್ಗದ ಬಾಗಿಲು’ ಎಂದೇ ಅವುಗಳಲ್ಲಿ ಇರುತ್ತದೆ. ಉಪವಾಸ ಮಾಡಿದವರು ಹೊಗುವ ಸ್ವರ್ಗದ ಬಾಗಿಲಿಗೆ ಆ ಹೆಸರಿದೆ ನಿಜ; ಪದದ ಅರ್ಥ ಮಾತ್ರ ದಾಹ ತೀರಿದ, ನೀರುಂಡು ತಣಿದ ಎಂದು. ಅರ್ಥ ಬೇರೆ, ನಂಟು ಬೇರೆ.

ಅರಬ್ಬಿ ಪದಕ್ಕೆ ಬೇರು ಸಾಮಾನ್ಯವಾಗಿ ಮೂರು ವ್ಯಂಜನ. ಹ-ಮ-ದ ಬೇರಿನ ಭಾವ ಸ್ತುತಿ. ಅದರಿಂದ ಮುಹಮ್ಮದ್, ಬಹಳ ಸ್ತುತಿಸಲ್ಪಟ್ಟವನು, ಮಹ್ಮೂದ್, ಸ್ತುತಿಸಲ್ಪಟ್ಟವನು, ಅಹ್ಮದ್, ಸ್ತುತಿಗೆ ಹೆಚ್ಚು ಅರ್ಹ. ನ-ಸ-ರ ಬೇರಿನ ಭಾವ ನೆರವು: ನಾಸಿರ್ ನೆರವಾಗುವವನು, ಮನ್ಸೂರ್ ನೆರವು ಪಡೆದು ಗೆದ್ದವನು. ಅಚ್ಚು ಗೊತ್ತಾದರೆ ಹೊಸ ಹೆಸರನ್ನೂ ನೀವೇ ಬಿಡಿಸಬಹುದು.

ಇಲ್ಲಿ ನನ್ನ ಕಟ್ಟುನಿಟ್ಟಿನ ಸಲಹೆ: ಇಂಗ್ಲಿಷ್ ಕಾಗುಣಿತ ನೋಡಿ ಕನ್ನಡಕ್ಕೆ ಇಳಿಸಬೇಡಿ. ಹ್ರಸ್ವ ದೀರ್ಘ ತೋರಿಸುವ ಲಿಪಿ ನಮ್ಮದು, ಅದನ್ನು ಬಳಸಿ. ಜಮಾಲ್ ಅಂದರೆ ಚೆಲುವು, ಜಮಲ್ ಅಂದರೆ ಒಂಟೆ. ಅಮೀರ್ ನಾಯಕ; ಆಮಿರ್ ತುಂಬಿ ಬಾಳುವವನು. ಹಾಮಿದ್ ಸ್ತುತಿಸುವವನು, ಹಮೀದ್ ಸ್ತುತಿಗೆ ತಕ್ಕವನು. ಹೆಸರಿನವರ ಬಾಯಲ್ಲೇ ಒಮ್ಮೆ ಹೇಳಿಸಿ ಬರೆದುಕೊಳ್ಳಿ.

ಹಾಗೆ ಬರೆದುಕೊಂಡರೂ ಎರಡು ಮೋಸ ಉಳಿಯುತ್ತವೆ. ಅರಬ್ಬಿಯ ನಾಲ್ಕು ಬೇರೆ ಬೇರೆ ಅಕ್ಷರಗಳು ಉರ್ದುವಿನ ದಾರಿಯಾಗಿ ನಮ್ಮಲ್ಲಿಗೆ ಬರುವಾಗ ಒಂದೇ ‘ಜ’ ಆಗಿವೆ. ನಮ್ಮ ಪಕ್ಕದ ಮನೆಯ ರಿಯಾಜ್, ಸೌದಿಯ ರಾಜಧಾನಿ ರಿಯಾದ್ ಎರಡೂ ಒಂದೇ ಪದ, ಅರ್ಥ ಉದ್ಯಾನಗಳು. ಇನ್ನೊಂದು, ದಖನಿ ಮಾತಿನಲ್ಲಿ ಗಂಟಲಾಳದ ‘ಕ’ ಕೂಡ ‘ಖ’ ಆಗುತ್ತದೆ. ಖಾದರ್, ಖಾಸಿಂ, ಖಾಜಿಗಳನ್ನು ಅರಬ್ಬಿ ನಿಘಂಟಿನ ‘ಖ’ದಲ್ಲಿ ಹುಡುಕಿದರೆ ಸಿಗುವುದಿಲ್ಲ. ಖಾಲಿದ್ ಮಾತ್ರ ಅಲ್ಲೇ ಸಿಗುತ್ತಾನೆ.

ಒಂದು ಇಡೀ ಜಲ್ಲೆ

ಈಗ ಉದ್ದದ್ದೊಂದನ್ನು ಬಿಡಿಸೋಣ: ಅಬು ಅಬ್ದುಲ್ಲಾ ಮುಹಮ್ಮದ್ ಇಬ್ನ್ ಅಬ್ದುಲ್ಲಾ ಅಲ್ ಲವಾತಿ ಅತ್ ತಂಜಿ. ‘ಅತ್’ ಕಂಡು ಗಾಬರಿಯಾಗಬೇಡಿ, ಸೂರ್ಯಾಕ್ಷರದ ಮುಂದೆ ವೇಷ ಬದಲಿಸಿದ ‘ಅಲ್’ ಅದು. ಸ್ವಂತ ಹೆಸರು ಮುಹಮ್ಮದ್. ಗೌರವಕ್ಕೆ ಅಬ್ದುಲ್ಲಾನ ಅಪ್ಪ, ಹುಟ್ಟಿನಿಂದ ಇನ್ನೊಬ್ಬ ಅಬ್ದುಲ್ಲಾನ ಮಗ. ಉತ್ತರ ಆಫ್ರಿಕಾದ ಬರ್ಬರ್ ಜನರ ಲವಾತಾ ಕುಲ. ಊರು ಮೊರೊಕ್ಕೊದ ತಂಜಾ, ಇಂಗ್ಲಿಷಿನವರ ಟ್ಯಾಂಜಿಯರ್. 1304ರಲ್ಲಿ ಅಲ್ಲಿ ಹುಟ್ಟಿದ ಈ ಪ್ರವಾಸಿಯನ್ನು ನಾವು ಇಬ್ನ್ ಬತೂತಾ ಎನ್ನುತ್ತೇವೆ. ಅದು ಮನೆತನದ ಗುರುತು. ದೆಹಲಿಯಲ್ಲಿ ಈತನಿಗೆ ಬದ್ರುದ್ದೀನ್ ಎಂಬ ಬಿರುದಿನ ಹೆಸರೂ ಇತ್ತು. ಧರ್ಮದ ಪೂರ್ಣಚಂದ್ರ.

ಈತ ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅದನ್ನು ‘ಹಿನವ್ರ್’ ಎಂದು ಬರೆದು, ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ ಕಂಡೆ ಎಂದಿದ್ದಾನೆ; 23 ಗಂಡುಹುಡುಗರದು. ಅಲ್ಲಿನ ದೊರೆಯ ಹೆಸರನ್ನು ಆತ ಕೊಡುವುದು ಜಮಾಲುದ್ದೀನ್ ಮುಹಮ್ಮದ್ ಇಬ್ನ್ ಹಸನ್ ಎಂದು. ಈ ಜಲ್ಲೆಯನ್ನು ನೀವೇ ಬಿಡಿಸಿ. ದೊರೆಯ ಹೆಸರು ಜಮಾಲ್ ಎಂದಿರಾದರೆ ಎರಡನೇ ಹೆಜ್ಜೆಗೆ ವಾಪಸ್ಸು ಹೋಗಿ.