ಹಳೇ ಹಂಚಿನ ಮನೆ ತಗೊಳ್ಳೋ ಮೊದಲು ಅಟ್ಟ ಹತ್ತಿ

ಸಾಗರದ ಹತ್ತಿರ ನಾವು ಈ ಹಂಚಿನ ಮನೆ ತಗೊಂಡು ಮೂರು ಮಳೆಗಾಲ ಕಳೆಯಿತು. ಅಂಗಳದ ಫೋಟೋ ಸ್ಟೇಟಸ್‌ಗೆ ಹಾಕಿದ ದಿನ ಬೆಂಗಳೂರಿನಿಂದ ಯಾರಾದರೂ ಒಬ್ಬರು ಫೋನ್ ಮಾಡೇ ಮಾಡುತ್ತಾರೆ. "ಅಲ್ಲೇ ಎಲ್ಲಾದ್ರೂ ನಮಗೂ ಒಂದು ಸಿಗತ್ತಾ ನೋಡಿ." ಸಿಗುತ್ತದೆ. ಮಲೆನಾಡಿನಲ್ಲಿ ಬೀಗ ಹಾಕಿದ ಮನೆಗಳಿಗೇನೂ ಬರವಿಲ್ಲ. ಆದರೆ ಅದರಲ್ಲಿ ಕೊಳ್ಳಬಹುದಾದವು ಕಡಿಮೆ. ಇದನ್ನೇ ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಸಣ್ಣ ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುವವನು. ಲ್ಯಾಪ್‌ಟಾಪು, ಇಂಟರ್ನೆಟ್ಟು ಇದ್ದರೆ ಎಲ್ಲಿದ್ದರೂ ಕೆಲಸ ನಡೆಯುತ್ತದೆ. ಮನೆಯಲ್ಲಿ ನಾನು, ಹೆಂಡತಿ, ಎಪ್ಪತ್ತೆಂಟು ವರ್ಷದ ಅಮ್ಮ. ಕೈಯಲ್ಲಿದ್ದದ್ದು 22 ಲಕ್ಷ. ಕೆಂಗೇರಿಯಲ್ಲಿ ಆ ದುಡ್ಡಿಗೆ ಸೈಟಿನ ಮೂಲೆಯೂ ಬರುವುದಿಲ್ಲ.

ಹುಡುಕಾಟ ಶುರು ಮಾಡುವಾಗ ಹೆಂಡತಿ ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆದಳು. ಎಡಗಡೆ, ದುಡ್ಡು ಹಾಕಿದರೆ ಸರಿಯಾಗುವುದು: ಮಾಡು (ಹಂಚಿನ ಚಾವಣಿ), ನೆಲ, ವೈರಿಂಗು, ಬಚ್ಚಲು. ಬಲಗಡೆ, ಎಷ್ಟು ಹಾಕಿದರೂ ನಮ್ಮ ಕೈಯಲ್ಲಿ ಆಗದ್ದು: ಆಸ್ಪತ್ರೆಯ ದೂರ, ರೈಲು, ಬೇಸಿಗೆಯ ನೀರು, ಮನೆಗೆ ಬರುವ ದಾರಿ, ಮಾರುವವರ ಅಣ್ಣತಮ್ಮಂದಿರ ಸಹಿ. ಮನೆ ನೋಡಲು ಹೋದವರು ಎಡಗಡೆಯದನ್ನು ಕಂಡು ಹೆದರಿ ವಾಪಸ್ ಬರುತ್ತಾರೆ. ಬಲಗಡೆಯದನ್ನು ಕೇಳುವುದೇ ಇಲ್ಲ. ನಾವೂ ಮೊದಲು ಹಾಗೇ ಮಾಡಿದ್ದು.

ಊರಿನ ವಿಷಯಕ್ಕೆ ಬರೋಣ. ಮೈಸೂರು ನಮ್ಮ ಬಜೆಟ್ಟಿಗೆ ನಿಲುಕಲಿಲ್ಲ. ಧಾರವಾಡ ಹೆಂಡತಿಗೆ ತುಂಬಾ ಹಿಡಿಸಿತು, ಈಗಲೂ ಆ ಮಾತು ಬರುತ್ತದೆ. ಆದರೆ ನಾವು ನೋಡಿದ ಹಳೇ ಓಣಿಯ ಮನೆಗಳಿಗೆ ಪಕ್ಕದ ಮನೆಯ ಗೋಡೆಯೇ ನಮ್ಮ ಗೋಡೆ. ಒಂದು ಕಲ್ಲು ಕೀಳಬೇಕಾದರೂ ಪಕ್ಕದವರನ್ನು ಕೇಳಬೇಕು. ತೀರ್ಥಹಳ್ಳಿ ಕಡೆ ಚೆಂದದ ಮನೆಗಳಿದ್ದವು, ರೈಲಿಲ್ಲ. ಅಮ್ಮನಿಗೆ ಬಸ್ಸಿನಲ್ಲಿ ಐದು ನಿಮಿಷ ಕೂತರೆ ವಾಂತಿ. ಸಾಗರದಲ್ಲಿ ರಾತ್ರಿ ತಾಳಗುಪ್ಪದ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಬೆಂಗಳೂರು. ದೊಡ್ಡ ಕಾಯಿಲೆಗೆ ಮಾತ್ರ ಶಿವಮೊಗ್ಗಕ್ಕೇ ಹೋಗಬೇಕು, ಎಪ್ಪತ್ತು ಕಿಲೋಮೀಟರ್ ಹತ್ತಿರ. ಅದಕ್ಕೇ ಪೇಟೆಯಿಂದ ಆರು ಕಿಲೋಮೀಟರಿಗಿಂತ ಆಚೆ ಮನೆ ನೋಡುವುದಿಲ್ಲ ಅಂತ ತೀರ್ಮಾನ ಮಾಡಿದೆವು. ತೋಟದ ನಡುವಿನ ಒಂಟಿ ಮನೆ ಫೋಟೋಗೆ ಚೆನ್ನ. ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ಉಸಿರು ಕಟ್ಟಿದಾಗ, ಮುರಿದ ಮರ ದಾರಿಗೆ ಅಡ್ಡ ಬಿದ್ದಿದ್ದರೆ?

ಊರು ಇದೇ ಅಂತ ಅನ್ನಿಸಿದ ಮೇಲೂ ತಕ್ಷಣ ಕೊಳ್ಳಬೇಡಿ. ಜುಲೈ, ಆಗಸ್ಟ್ ಎರಡು ತಿಂಗಳು ಅಲ್ಲೇ ಬಾಡಿಗೆಗೆ ಇದ್ದು ನೋಡಿ. ನಾವು 2022ರಲ್ಲಿ ಹಾಗೆ ಇದ್ದೆವು. ಬಟ್ಟೆ ಒಣಗಲಿಲ್ಲ, ನನ್ನ ಬೆಲ್ಟಿಗೆ ಬೂಷ್ಟು ಹಿಡಿಯಿತು, ಕರೆಂಟು ಒಮ್ಮೆ ಎರಡು ದಿನ ಬರಲಿಲ್ಲ. ಅಮ್ಮ ಮಾತ್ರ ಬಚ್ಚಲ ಒಲೆ ಮುಂದೆ ಕೂತು ಆರಾಮಾಗಿದ್ದರು. ನೆಟ್‌ವರ್ಕನ್ನೂ ಮಳೆಯಲ್ಲೇ ನೋಡಬೇಕು, ಜನವರಿಯಲ್ಲಿ ಎಲ್ಲ ಕಡೆ ಸಿಗುತ್ತದೆ. ಬಾವಿ ನೋಡುವುದು ಏಪ್ರಿಲ್‌ನಲ್ಲಿ. ಮಳೆಗಾಲದಲ್ಲಿ ಬಾವಿ ತೋರಿಸಿ "ನೀರಿಗೇನು ತೊಂದರೆ ಇಲ್ಲ" ಅನ್ನುವವರಿಗೆ ಸುಮ್ನೆ ತಲೆ ಆಡಿಸಿ ಬನ್ನಿ. ಇನ್ನೊಂದು ಮಾತು, ಮಂಗನ ಕಾಯಿಲೆ, ಕಾಡಿನ ಉಣುಗು ಕಚ್ಚಿ ಬರುವ ಜ್ವರ. 1957ರಲ್ಲಿ ಇದು ಮೊದಲು ಪತ್ತೆಯಾದದ್ದು ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಮನೆಯ ಹಿಂದೆ ಕಾಡಿದ್ದರೆ, ಹಿಂದಿನ ವರ್ಷಗಳಲ್ಲಿ ಅಲ್ಲಿ ಮಂಗ ಸತ್ತಿದ್ದವಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಾರುವವರು ತಾವಾಗಿ ಹೇಳುವುದಿಲ್ಲ.

ಕಾಗದಪತ್ರದಲ್ಲಿ ನಾವು ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ. ಈ ಮನೆಗೂ ಮೊದಲು ನೋಡಿದ ಒಂದು ಮನೆ: ಕೆತ್ತನೆ ಕಂಬ, ಜಗಲಿ, ಒಂಬತ್ತು ಲಕ್ಷ. ಮರುಳಾಗಿ 25,000 ಮುಂಗಡ ಕೊಟ್ಟೆ. ಆಮೇಲೆ ವಂಶವೃಕ್ಷ ಕೇಳಿದರೆ ಅದರಲ್ಲಿ ಮಾರುವವರ ಇಬ್ಬರು ಅಕ್ಕಂದಿರು! ಪುಣೆಯಲ್ಲಿದ್ದ ಒಬ್ಬರಿಗೆ ಮನೆ ಮಾರುವ ಸುದ್ದಿಯೇ ಗೊತ್ತಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳದ್ದೂ ಸಮಪಾಲು, ಹಾಗಾಗಿ ಅವರ ಸಹಿ ಇಲ್ಲದ ಮನೆ ನಿಮ್ಮದಾಗುವುದಿಲ್ಲ. ಕೊಟ್ಟ ಮುಂಗಡದಲ್ಲಿ ಹತ್ತು ಸಾವಿರ ಅಲ್ಲೇ ಹೋಯಿತು. ಈಗ ಯಾರು ಕೇಳಿದರೂ ಮೊದಲು ವಂಶವೃಕ್ಷ, ಆಮೇಲೆ ಮನೆ ಅನ್ನುತ್ತೇನೆ. ಇಸಿಯನ್ನು, ಅಂದರೆ ಆಸ್ತಿಯ ಋಣಭಾರ ಪತ್ರವನ್ನು, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ತೆಗೆಸಬಹುದು, ಆದರೆ ಅದರಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ. ಬಾಯಿಮಾತಿನಲ್ಲಿ ಆದ ಪಾಲು ಕಾಣುವುದಿಲ್ಲ.

ಮನೆ ಯಾವ ಜಾಗದ ಮೇಲೆ ನಿಂತಿದೆ ಅನ್ನೋದೂ ಮುಖ್ಯ. ಗ್ರಾಮಠಾಣಾದೊಳಗೆ, ಅಂದರೆ ಊರಿನ ಮನೆಗಳಿಗೇ ಇಟ್ಟ ಜಾಗದಲ್ಲಿದ್ದು, ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಬರುವುದಾದರೆ ನಿಶ್ಚಿಂತೆ. ಪಹಣಿ ಇರುವ ಕೃಷಿ ಜಮೀನಿನಲ್ಲಿ ಭೂಪರಿವರ್ತನೆ ಇಲ್ಲದೆ ಕಟ್ಟಿದ ಮನೆಯಾದರೆ ಬ್ಯಾಂಕಿನವರು ಮುಖ ತಿರುಗಿಸುತ್ತಾರೆ. ಭೂಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಬಂದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ನಿಜ. ಅದರಿಂದ ಮನೆಗೆ ಖಾತೆ ಬಂದಂತಾಗುವುದಿಲ್ಲ. ನಮ್ಮ ಕಡೆ ಇನ್ನೊಂದು ತೊಡಕಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾದಾಗ ಮುಳುಗಡೆಯಾಗಿ ಬಂದ ಎಷ್ಟೋ ಕುಟುಂಬಗಳಿಗೆ ಸರ್ಕಾರವೇ ತೋರಿಸಿದ ಜಾಗ ದಾಖಲೆಯಲ್ಲಿ ಇಂದಿಗೂ ಅರಣ್ಯ. ಅವರ ತಪ್ಪೇನೂ ಇಲ್ಲ, ಪಾಪ. ಆದರೆ ಅಂಥ ಮನೆ ಎಷ್ಟೇ ಅಗ್ಗಕ್ಕೆ ಬಂದರೂ ಹೊರಗಿನವರು ಕೈ ಹಾಕಬಾರದು.

ಇಷ್ಟು ಸರಿ ಇದ್ದರೆ ಮಾತ್ರ ಆಚಾರಿಯನ್ನು ಕರೆದುಕೊಂಡು ಹೋಗಿ. ಎಂಜಿನಿಯರ್ ಅಲ್ಲ, ಹಳೇ ಮಾಡು ಬಿಚ್ಚಿ ಕಟ್ಟಿದ ಮರಗೆಲಸದವರು. ನಮ್ಮ ಜೊತೆ ಬಂದವರು ಮೊದಲು ಒಳಗೇ ಬರಲಿಲ್ಲ. ಅಂಗಳದ ಕೊನೆಯಲ್ಲಿ ನಿಂತು ಮಾಡಿನ ನೆತ್ತಿ ಒಂದೇ ಗೆರೆಯಲ್ಲಿದೆಯಾ ಅಂತ ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಅಟ್ಟ ಹತ್ತಿದರು, ನನ್ನನ್ನೂ ಹತ್ತಿಸಿದರು. ಕೈಯಲ್ಲಿ ಟಾರ್ಚು, ಒಂದು ಉಳಿ. ಉಳಿಯ ಹಿಡಿಯಿಂದ ತೊಲೆಗೆ ಬಡಿಯುತ್ತಾ ಹೋದರು. ಟಣ್, ಟಣ್, ಟಣ್. ಗೋಡೆಯೊಳಗೆ ಹೋಗುವ ತುದಿಗೆ ಬಡಿದಾಗ ಡಬ್ ಅಂತ ಬಂತು. ಉಳಿಯ ಮೊನೆ ಒತ್ತಿದರು, ಬೆಣ್ಣೆಗೆ ಇಳಿದಂತೆ ಎರಡು ಇಂಚು ಇಳಿಯಿತು. "ತೊಲೆ ಸಾಯೋದು ಯಾವಾಗ್ಲೂ ಗೋಡೆ ಒಳಗೆ ಮಾರಾಯ್ರೆ, ನಡುವೆ ಅಲ್ಲ" ಅಂದರು. ಹನ್ನೊಂದು ತೊಲೆಯಲ್ಲಿ ಎರಡು ಹಾಗಿದ್ದವು. ಎರಡು ಬದಲಿಸಬಹುದು, ಆರಿದ್ದರೆ ಬಿಟ್ಟುಬಿಡಿ ಅಂತ ಅವರ ಲೆಕ್ಕ. ಅಡಿಗೆಮನೆಯ ಮೇಲಿನ ಮರಗಳು ಮಸಿ ಹಿಡಿದು ಕರ್ರಗಿದ್ದವು, ಒಂದು ಹುಳವಿಲ್ಲ. ಹೊಗೆ ಕಾಣದ ಕೋಣೆಯ ಪಕಾಸುಗಳಿಂದ (ಹಂಚು ಹೊರುವ ಇಳಿಜಾರು ಮರಗಳಿಂದ) ಹಿಟ್ಟು ಉದುರುತ್ತಿತ್ತು. ಮಸಿ ನೋಡಿ ಅಸಹ್ಯಪಟ್ಟು ಉಜ್ಜಿ ತೆಗೆಸಬೇಡಿ.

ಹಂಚು ಒಡೆದಿದ್ದರೆ ಚಿಂತೆ ಬೇಡ, ಹತ್ತಡಿ ಉದ್ದ ಹತ್ತಡಿ ಅಗಲದ ಮಾಡಿಗೆ ಸುಮಾರು 140 ಮಂಗಳೂರು ಹಂಚು ಸಾಕು. ಒಡೆಯದ ಹಳೆಯವನ್ನು ಪಾಚಿ ತೊಳೆದು ಮತ್ತೆ ಹೊದಿಸಿ. ಸೋರುವುದು ಜಾಸ್ತಿ ಎರಡು ಮಾಡು ಕೂಡುವ ಕಡೆಯ ತಗಡಿನ ದೋಣಿಯಲ್ಲಿ, ಅದನ್ನು ಪೂರ್ತಿ ಹೊಸದೇ ಹಾಕಿಸಿ.

ಮನೆ ನಮ್ಮ ಹೆಸರಿಗೆ ಬಂದದ್ದು 2023ರ ಮೇ ತಿಂಗಳಲ್ಲಿ, ಹದಿಮೂರೂವರೆ ಲಕ್ಷಕ್ಕೆ. ಆಗ ಶೇ 1 ಇದ್ದ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಮುದ್ರಾಂಕ, ಸೆಸ್ಸು, ಸರ್ಚಾರ್ಜು ಎಲ್ಲ ಸೇರಿ ಹಳ್ಳಿ ಕಡೆ ಈಗ ಶೇ 7.65 ಎತ್ತಿಡಿ. ರಿಪೇರಿಗೆ ನಾಲ್ಕು ಲಕ್ಷ ಅಂದುಕೊಂಡಿದ್ದೆ, ಲೆಕ್ಕ ಬರೆಯುವವನ ಲೆಕ್ಕ! ಆದದ್ದು 6 ಲಕ್ಷ 80 ಸಾವಿರ. ಮಾಡಿಗೆ 2.6, ಬಚ್ಚಲು ಪಾಯಿಖಾನೆಗೆ 1.4, ನೆಲ ಸುಣ್ಣಕ್ಕೆ 90 ಸಾವಿರ, ವೈರಿಂಗಿಗೆ 75, ಬಾವಿ ಪಂಪಿಗೆ 45. ಉಳಿದ 70 ಸಾವಿರ ನನ್ನ ದಡ್ಡತನಕ್ಕೆ. ಪಶ್ಚಿಮದ ಮಣ್ಣಿನ ಗೋಡೆ ಗಟ್ಟಿಯಾಗಲಿ ಅಂತ ಹೊರಗಿಂದ ಸಿಮೆಂಟ್ ಗಿಲಾಯಿ ಮಾಡಿಸಿದೆ. ಆಚಾರಿ ಬೇಡ ಅಂದಿದ್ದರು. ಮಣ್ಣಿನ ಗೋಡೆ ಕುಡಿದ ನೀರು ಆರಬೇಕಲ್ವಾ, ಸಿಮೆಂಟು ಅದನ್ನು ಹೊರಗೆ ಬಿಡಲಿಲ್ಲ. 2024ರ ಜುಲೈನಲ್ಲಿ ಗೋಡೆ ಗರ್ಭಿಣಿಯ ಹೊಟ್ಟೆಯ ಹಾಗೆ ಉಬ್ಬಿ ಒಂದು ಬೆಳಿಗ್ಗೆ ಕುಸಿಯಿತು. ಅಮ್ಮ ದೇವರಮನೆಯಲ್ಲಿದ್ದರು, ಬಚಾವಾದರು. ಈಗ ಅಲ್ಲಿ ಮಣ್ಣು, ಸುಣ್ಣ ಮಾತ್ರ. ಮಾಡನ್ನು ಎರಡಡಿ ಮುಂದಕ್ಕೆ ಇಳಿಸಿದ್ದೇವೆ.

ಕೊಂಡ ಮೊದಲ ಮಳೆಗಾಲ ಏನೂ ರಿಪೇರಿ ಮಾಡಿಸಬೇಡಿ. ಟಾರ್ಪಾಲು ಹೊದಿಸಿ, ಹನಿ ಬಿದ್ದಲ್ಲೆಲ್ಲ ನೆಲಕ್ಕೆ, ಗೋಡೆಗೆ ಇದ್ದಿಲಿನಲ್ಲಿ ಗುರುತು ಹಾಕಿಕೊಳ್ಳಿ. ನಮ್ಮಲ್ಲಿ 31 ಗುರುತಾಗಿದ್ದವು. ಮಳೆ ನಿಂತ ಕೂಡಲೇ ಆಳು ಹುಡುಕಬೇಡಿ, ಜನವರಿವರೆಗೆ ಎಲ್ಲರೂ ಅಡಿಕೆ ಕೊಯ್ಲಿನಲ್ಲಿರುತ್ತಾರೆ. ಫೆಬ್ರುವರಿಗೆ ಶುರು ಮಾಡಿ ಏಪ್ರಿಲ್ ಒಳಗೆ ಮಾಡು ಮುಚ್ಚಿಸಿ. ಆಚಾರಿಗೆ ಫೋನ್ ಮಾಡುವುದಿದ್ದರೆ ರಾತ್ರಿ ಎಂಟರ ಮೇಲೆ ಮಾಡಿ. ಹಗಲು ಅವರು ಯಾರದೋ ಮಾಡಿನ ಮೇಲಿರುತ್ತಾರೆ, ಎತ್ತುವುದಿಲ್ಲ.