ರಿವರ್ಬ್ ಪ್ರಬಂಧದಿಂದ ಕೋಡ್ ಬರೆಯುವ ಬಗೆ

ಕೃತಕ ರಿವರ್ಬ್ (ಕೋಣೆಯ ಅನುರಣನವನ್ನು ಕೋಡಿನಿಂದ ಹುಟ್ಟಿಸುವುದು) ಕುರಿತ ಸಂಶೋಧನಾ ಪ್ರಬಂಧ ಕೈಗೆ ಸಿಕ್ಕರೆ ನಾನು ಪೀಠಿಕೆಗೆ ಹೋಗುವುದಿಲ್ಲ. ಮೊದಲು ಮೂರನ್ನು ಹುಡುಕುತ್ತೇನೆ: ಸ್ಯಾಂಪಲ್ ರೇಟ್ (ಸೆಕೆಂಡಿಗೆ ಧ್ವನಿಯ ಎಷ್ಟು ಅಳತೆ, ಅಂದರೆ ಸ್ಯಾಂಪಲ್), ಡಿಲೇ ಲೈನ್‌ಗಳ (ಧ್ವನಿಯನ್ನು ಇಷ್ಟು ಸ್ಯಾಂಪಲ್ ತಡೆದು ಬಿಡುವ ಸಾಲುಗಳು) ಉದ್ದ, ಗೇನ್ (ಪ್ರತಿ ಸುತ್ತಿಗೆ ಗುಣಿಸುವ ಸಂಖ್ಯೆ). ಎಷ್ಟೋ ಪ್ರಬಂಧಗಳಲ್ಲಿ ಪುಟಗಟ್ಟಲೆ ಮ್ಯಾಟ್ರಿಕ್ಸ್ ಪ್ರಮೇಯ ಇರುತ್ತದೆ, ಈ ಮೂರು ಮಾತ್ರ ಇರುವುದಿಲ್ಲ. 1962ರಲ್ಲಿ ಧ್ವನಿ ವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ ಕಾಂಬ್ ಮತ್ತು ಆಲ್‌ಪಾಸ್ ಎಂಬ ಎರಡು ಬಗೆಯ ಡಿಲೇ ಫಿಲ್ಟರ್ ಜೋಡಿಸಿ ತೋರಿಸಿದ ರಿವರ್ಬನ್ನು ಓದಿದವರು ಕಟ್ಟಬಹುದಿತ್ತು. ಈ ಪ್ರಬಂಧಗಳನ್ನು ಓದಿ ಕಟ್ಟಲಾಗುವುದಿಲ್ಲ, ಅದೇ ನನ್ನ ತಕರಾರು.

‘ಶಕ್ತಿ ಸಂರಕ್ಷಿಸುವ ಆರ್ಥೋಗನಲ್ ಹೌಸ್‌ಹೋಲ್ಡರ್ ಪ್ರತಿಫಲನದ ಫೀಡ್‌ಬ್ಯಾಕ್’ ಎಂದು ಬರೆದಿದ್ದರೆ ಮಾಡಬೇಕಾದ ಕೆಲಸ ಇಷ್ಟೇ. ಎಂಟು ಡಿಲೇ ಲೈನ್ ಇದ್ದರೆ ಅವುಗಳ ಔಟ್‌ಪುಟ್ ಕೂಡಿಸಿ. ಮೊತ್ತದ ಕಾಲು ಭಾಗದಿಂದ ಒಂದೊಂದು ಲೈನಿನ ಬೆಲೆ ಕಳೆದು, ಬಂದದ್ದನ್ನು ಆಯಾ ಲೈನಿಗೇ ವಾಪಸ್ ಕೊಡಿ. ಕಾಲು ಬಂದದ್ದು 2ನ್ನು ಲೈನ್‌ಗಳ ಸಂಖ್ಯೆಯಿಂದ ಭಾಗಿಸಿದ್ದರಿಂದ. ನಾಲ್ಕೇ ಲೈನ್ ಇದ್ದರೆ ಅರ್ಧ. ನಾಲ್ಕರ ಕೋಡನ್ನು ಎಂಟಕ್ಕೆ ಹಿಗ್ಗಿಸುವಾಗ ಆ ಅರ್ಧ ಹಾಗೇ ಉಳಿದುಬಿಟ್ಟರೆ, ಎಲ್ಲ ಲೈನ್‌ಗಳಲ್ಲೂ ಸಮನಾಗಿರುವ ಬೆಲೆ ಸುತ್ತಿಗೆ ಮೂರು ಪಟ್ಟಾಗುತ್ತದೆ. ಸ್ಪೀಕರ್ ಕಿರುಚಲು ಒಂದು ಸೆಕೆಂಡೂ ಬೇಡ.

ಹಾಗಾಗಿ ಮೊದಲ ಪರೀಕ್ಷೆ ಹೆಡ್‌ಫೋನ್ ಹಾಕದೆ. ಗೇನ್ ಎಲ್ಲ 1 ಇಟ್ಟು, ಒಂದು ಸ್ಯಾಂಪಲ್ 1, ಉಳಿದದ್ದೆಲ್ಲ ಸೊನ್ನೆ ಕೊಟ್ಟು, ಹತ್ತು ಸೆಕೆಂಡಿನ ಫೈಲನ್ನು ಧ್ವನಿ ಸಂಪಾದನೆಯ ತಂತ್ರಾಂಶ ಆಡಾಸಿಟಿಯಲ್ಲಿ ತೆರೆದು ನೋಡಿ. ಶುರುವಿನ ಚೂಪು ಪೆಟ್ಟುಗಳು ಹರಡಿಕೊಂಡ ಮೇಲೆ ಮಟ್ಟ ಏರಬಾರದು, ಇಳಿಯಲೂಬಾರದು. ಆಮೇಲೂ ಏರಿದರೆ ಅಥವಾ ಇಳಿದರೆ ಮೇಲಿನ ಕೂಡು-ಕಳೆಯಲ್ಲೇ ತಪ್ಪಿದೆ.

ಉದ್ದಗಳಿಗೂ ಲೆಕ್ಕವಿದೆ. ಎಲ್ಲ ಲೈನ್‌ಗಳ ಒಟ್ಟು ಸ್ಯಾಂಪಲ್, 0.15 × ಆರ್‌ಟಿ60 (ರಿವರ್ಬ್ ಆರಲು ಹಿಡಿಯುವ ಸಮಯ) × ಸ್ಯಾಂಪಲ್ ರೇಟ್‌ಗಿಂತ ಕಡಿಮೆಯಿರಬಾರದು. 48000 ಹರ್ಟ್ಸ್, 2 ಸೆಕೆಂಡಿಗೆ ಅದು 14400. ನಾನು ಇಡುವುದು 1153, 1327, 1559, 1709, 1931, 2113, 2311, 2539, ಮೊತ್ತ 14642. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. 1200, 1600, 2000 ಎಂದು ಸಲೀಸಾಗಿ ಇಟ್ಟರೆ ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ತಗಡು ಬಡಿದ ಸದ್ದು ಬರುತ್ತದೆ.

ಆರ್‌ಟಿ60 ಎಂದರೆ ಧ್ವನಿಯ ಮಟ್ಟ 60 ಡೆಸಿಬೆಲ್, ಅಂದರೆ ಸಾವಿರದಲ್ಲೊಂದು ಪಾಲಿಗೆ ಇಳಿಯಲು ಹಿಡಿಯುವ ಸಮಯ. ಗೇನ್ ಬರುವುದು ಅಲ್ಲಿಂದಲೇ: ಲೈನಿನ ಉದ್ದವನ್ನು 3ರಿಂದ ಗುಣಿಸಿ 96000ದಿಂದ (48000 × 2) ಭಾಗಿಸಿ, 10ಕ್ಕೆ ಅಷ್ಟು ಋಣ ಘಾತ ಹಾಕಿ. 1153ಕ್ಕೆ 0.920, 2539ಕ್ಕೆ 0.833. ಎಲ್ಲಕ್ಕೂ ಒಂದೇ ಗೇನ್ ಇಟ್ಟರೆ ಕೆಲವು ಕಂಪನಾಂಕಗಳು ಬೇಗ ಆರಿ, ಕೆಲವು ಗುಂಯ್‌ಗುಟ್ಟುತ್ತ ಉಳಿಯುತ್ತವೆ. ‘ಆವರ್ತನಾಧಾರಿತ ಹೀರಿಕೆ’ ಎಂಬುದೂ ಇದೇ ಸೂತ್ರ: ಹೈ ಫ್ರೀಕ್ವೆನ್ಸಿಗೆ ಬೇರೆ ಆರ್‌ಟಿ60, ಉದಾಹರಣೆಗೆ 0.8 ಸೆಕೆಂಡ್, ಹಾಕಿ ಎರಡನೇ ಗೇನ್ ಪಡೆಯಿರಿ. ಈ ಎರಡು ಗೇನ್‌ಗಳ ನಡುವೆ ಇಳಿಯುವ ಒನ್-ಪೋಲ್ ಲೋ-ಪಾಸ್ (ಹೈ ಫ್ರೀಕ್ವೆನ್ಸಿ ತಗ್ಗಿಸುವ ಸರಳ ಫಿಲ್ಟರ್) ಪ್ರತಿ ಲೈನಿಗೂ ಬೇಕು.

ರಿವರ್ಬಿನ ಬಾಲ ಆರುವ ಹೊತ್ತಿಗೆ ಸಿಪಿಯು ಮೀಟರ್ ಜಿಗಿದರೆ ಅದು ಡಿನಾರ್ಮಲ್, ಅಂದರೆ ಸೊನ್ನೆಗೆ ತೀರ ಹತ್ತಿರದ, ಲೆಕ್ಕ ನಿಧಾನವಾಗಿಸುವ ಸಂಖ್ಯೆಗಳು. ಅವನ್ನು ಸೊನ್ನೆಯಾಗಿಸುವ ಫ್ಲಶ್-ಟು-ಝೀರೋ ಆನ್ ಮಾಡಿ.

ಕೊನೆಗೆ ‘ಗ್ರಹಿಕೆಯಲ್ಲಿ ಶ್ರೇಷ್ಠ’ ಎಂಬ ಘೋಷಣೆ. ಮುಷ್ರಾ ಪರೀಕ್ಷೆ (ಕೇಳುಗರು ಧ್ವನಿಗಳಿಗೆ ಅಂಕ ಕೊಡುವ ಪರೀಕ್ಷೆ) ಎಂದು ಬರೆದಿದ್ದರೆ, ಬಚ್ಚಿಟ್ಟ ಮೂಲಧ್ವನಿ ಮತ್ತು 3.5 ಕಿಲೋಹರ್ಟ್ಸ್‌ಗೆ ಕತ್ತರಿಸಿದ ಆಂಕರ್ (ಬೇಕೆಂದೇ ಕೆಡಿಸಿದ ಧ್ವನಿ) ಎರಡೂ ಇದ್ದವೇ ನೋಡಿ. ಮಟ್ಟ ಸಮ ಮಾಡಿದ್ದರೇ ಎಂದೂ ನೋಡಿ. ಒಂದೆರಡು ಡೆಸಿಬೆಲ್ ಜೋರಾದದ್ದಕ್ಕೆ ಕೇಳುಗರು ಹೆಚ್ಚು ಅಂಕ ಕೊಡುತ್ತಾರೆ. ಇವು ಕಾಣದಿದ್ದರೆ ಆ ಅಂಕಪಟ್ಟಿ ಬಿಟ್ಟು, ಹೋಲಿಸಿದ ಎರಡು ರಿವರ್ಬ್‌ಗಳನ್ನೂ ಒಂದೇ ಎಲ್‌ಯುಎಫ್‌ಎಸ್‌ಗೆ (ಕೇಳುವ ಜೋರಿನ ಅಳತೆ) ತಂದು ನಾನೇ ಕೇಳುತ್ತೇನೆ. ಮೃದಂಗದ ಒಂಟಿ ಪೆಟ್ಟಿನಲ್ಲಿ ತಗಡಿನ ಸದ್ದು ಬೇಗ ಬಯಲಾಗುತ್ತದೆ.