ಆನ್‌ಲೈನ್ ತರಬೇತಿಯನ್ನು ಸಿಬ್ಬಂದಿ ಮುಗಿಸಬೇಕಾದರೆ: ಕೇರಳದ ಗಡಿನಾಡಿನ ಸಹಕಾರಿ ಸಂಘಗಳಿಗೆ

ತರಬೇತಿ ಮುಗಿಸದವರಿಗೆಲ್ಲ ಒಂದೇ ಮೆಮೊ ಕಳುಹಿಸುವ ಮೊದಲು ವರದಿಯನ್ನು ಬಿಡಿಸಿ ನೋಡಿ. ಲಾಗಿನ್ನೇ ಆಗದವರು, ಅರ್ಧಕ್ಕೆ ಬಿಟ್ಟವರು, ಪಾಠ ನೋಡಿಯೂ ಕೊನೆಯ ಪರೀಕ್ಷೆ ದಾಟದವರು ಎಂದು ಮೂರು ಪಟ್ಟಿ ಮಾಡಿ. ಮೂರಕ್ಕೂ ಮದ್ದು ಬೇರೆ.

ಮೊದಲ ಪಟ್ಟಿಯವರಿಗೆ ಹೆಚ್ಚಾಗಿ ಪಾಸ್‌ವರ್ಡಿನದೇ ತೊಂದರೆ. ಖಾತೆಗೆ ಕೊಟ್ಟದ್ದು ಮಕ್ಕಳು ಮಾಡಿಕೊಟ್ಟ ಇಮೇಲ್. ಪಾಸ್‌ವರ್ಡ್ ಬದಲಿಸುವ ಲಿಂಕ್ ಅಲ್ಲಿಗೆ ಹೋಗಿ ಕೂತಿರುತ್ತದೆ. ಯೂಸರ್‌ನೇಮ್ ಆಗಿ ಮೊಬೈಲ್ ನಂಬರ್ ಇಡಿ. ಪ್ರತಿ ಶಾಖೆಯಲ್ಲೂ ಪಾಸ್‌ವರ್ಡ್ ಬದಲಿಸಿ ಕೊಡಬಲ್ಲ ಒಬ್ಬರಿರಲಿ, ಮೊದಲ ಲಾಗಿನ್ ಅವರ ಎದುರಿಗೇ ಆಗಲಿ.

ಅರ್ಧಕ್ಕೆ ಬಿಟ್ಟವರ ಪಟ್ಟಿಯೇ ಉದ್ದ ಇರುತ್ತದೆ. ಮುಖ್ಯ ಕಾರಣ ಸಮಯ. ಕೌಂಟರಿನಲ್ಲಿ ಜನ ನಿಂತಿರುವಾಗ ಮುಕ್ಕಾಲು ಗಂಟೆಯ ವೀಡಿಯೊ ಯಾರೂ ನೋಡಲಾರರು, ಮನೆಗೆ ಹೋಗಿ ನೋಡಿ ಎನ್ನುವುದು ನ್ಯಾಯವೂ ಅಲ್ಲ. ಡ್ಯೂಟಿ ಚಾರ್ಟಿನಲ್ಲೇ ವಾರಕ್ಕೆ 20 ನಿಮಿಷ ಬರೆದಿಡಿ. ಕ್ಯಾಶ್ ಮುಗಿದ ಮೇಲೆ ಒಂದು ಸಲಕ್ಕೆ ಇಬ್ಬರು ಕೂರಲಿ, ಅವರ ಕೆಲಸ ಯಾರು ನೋಡಬೇಕೆಂಬುದೂ ಚಾರ್ಟಿನಲ್ಲಿರಲಿ. ಸೋಮವಾರ, ಪಿಂಚಣಿ ಹಂಚುವ ದಿನಗಳು, ಓಣಂ ಹಿಂದಿನ ವಾರ, ಇಡೀ ಮಾರ್ಚ್ ತಿಂಗಳು ಬೇಡ.

ಉದ್ದದ ವೀಡಿಯೊವನ್ನು 5–6 ನಿಮಿಷದ ತುಂಡುಗಳಾಗಿ ಕತ್ತರಿಸಿ, ಒಂದು ತುಂಡಿಗೆ ಒಂದೇ ವಿಷಯ. ಚಿತ್ರದ ಗುಣಮಟ್ಟ 480ಪಿ ಸಾಕು: ಸೆಕೆಂಡಿಗೆ 500 ಕಿಲೋಬಿಟ್ ದರದಲ್ಲಿ 6 ನಿಮಿಷಕ್ಕೆ ಸುಮಾರು 22 ಎಂಬಿ ಆಗುತ್ತದೆ. ಆಫೀಸಿನಲ್ಲಿ ಶಬ್ದ ಹಾಕಿ ನೋಡಲಾಗದ್ದರಿಂದ ಪರದೆಯ ಕೆಳಗೆ ಕನ್ನಡ ಅಕ್ಷರ ಬೇಕೇ ಬೇಕು. ಸುತ್ತೋಲೆಯ ಮಲಯಾಳಂ ಪಾಠವನ್ನೇ ಎತ್ತಿ ಹಾಕಿದರೆ ಕನ್ನಡ ಮಾಧ್ಯಮದಲ್ಲಿ ಓದಿದವರು ಎರಡನೇ ನಿಮಿಷಕ್ಕೆ ಬಿಡುತ್ತಾರೆ. ಆದರೆ ಕೆವೈಸಿ, ಓಟಿಪಿ, ಓವರ್‌ಡ್ಯೂ ಮುಂತಾದ ದಿನಬಳಕೆಯ ಮಾತುಗಳಿಗೆ ಹೊಸ ಪದ ಹುಡುಕುವುದು ಬೇಡ.

ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಕರೆಂಟು, ನೆಟ್ ಎರಡೂ ಕೈಕೊಡುವ ಊರುಗಳಲ್ಲಿ, ಆನ್‌ಲೈನ್ ತರಬೇತಿ ನಡೆಸುವ ಮೂಡಲ್ (Moodle) ತಂತ್ರಾಂಶದ ಆ್ಯಪ್ ಒಳ್ಳೆಯದು. ಪಾಠವನ್ನು ಮೊದಲೇ ಇಳಿಸಿಕೊಳ್ಳಬಹುದು, ಪರೀಕ್ಷೆಯನ್ನೂ ಆಫ್‌ಲೈನಿನಲ್ಲಿ ಬರೆಯಬಹುದು. ಅದಕ್ಕೆ ಕ್ವಿಜ್ ಸೆಟ್ಟಿಂಗಿನಲ್ಲಿ ಆಫ್‌ಲೈನ್ ಅನುಮತಿ ಕೊಟ್ಟಿರಬೇಕು, ಸಮಯಮಿತಿ ಇಟ್ಟಿರಬಾರದು, ಸರಿ-ತಪ್ಪು ಕೊನೆಗೆ ಮಾತ್ರ ತೋರಿಸುವ ಕ್ರಮ ಆರಿಸಿರಬೇಕು. ಇದರಲ್ಲಿ ಒಂದು ತಪ್ಪಿದರೂ ಆಫ್‌ಲೈನ್ ಪರೀಕ್ಷೆ ನಡೆಯದು. ನೆಟ್ ಬಂದ ಮೇಲೆ ಉತ್ತರಗಳು ಸಿಂಕ್ ಆದವೇ, ಅಂದರೆ ಸರ್ವರಿಗೆ ತಲುಪಿದವೇ ಎಂದು ನೋಡಿಕೊಳ್ಳಿ.

ಇನ್ನು ಪರೀಕ್ಷೆ. ‘ಸೈಬರ್ ವಂಚನೆ ಎಂದರೇನು?’ ಎಂದು ಕೇಳಿ ಏನೂ ಪ್ರಯೋಜನವಿಲ್ಲ. ಹೀಗೆ ಕೇಳಿ: ‘ಸದಸ್ಯರೊಬ್ಬರು ಗಾಬರಿಯಿಂದ ಬಂದು, ಈಗಷ್ಟೇ ಫೋನಿನಲ್ಲಿ ಓಟಿಪಿ ಹೇಳಿಬಿಟ್ಟೆ, ಖಾತೆಯಿಂದ ಹಣ ಹೋಯಿತು ಎನ್ನುತ್ತಾರೆ. ಮೊದಲ ಹತ್ತು ನಿಮಿಷದಲ್ಲಿ ಏನು ಮಾಡುತ್ತೀರಿ?’ ಖಾತೆಯ ವ್ಯವಹಾರ ತಡೆಯಿಸುವುದು, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸುವುದು ಸರಿಯುತ್ತರ. ‘ಅರ್ಜಿ ಬರೆದು ನಾಳೆ ಬನ್ನಿ’ ಎಂಬುದೂ ಆಯ್ಕೆಗಳಲ್ಲಿರಲಿ, ಯಾಕೆಂದರೆ ನಿಜವಾದ ಕೌಂಟರಿನಲ್ಲಿ ಆಗುವ ತಪ್ಪು ಅದೇ. ತಪ್ಪು ಉತ್ತರಕ್ಕೆ ಕಾರಣವನ್ನೂ ಬರೆಯಿರಿ: ತಡವಾದಷ್ಟೂ ಹಣ ಬೇರೆ ಬೇರೆ ಖಾತೆಗಳಿಗೆ ಹರಿದುಹೋಗುತ್ತದೆ, ಹಿಡಿಯುವುದು ಕಷ್ಟ. ಐದು ಪ್ರಶ್ನೆ ಸಾಕು, ಮತ್ತೆ ಬರೆಯಲು ಅವಕಾಶವಿರಲಿ. ಅದೇ ವಿಷಯದ ಒಂದೆರಡು ಪ್ರಶ್ನೆ ಒಂದು ವಾರ ಬಿಟ್ಟು, ಆಮೇಲೆ ಒಂದು ತಿಂಗಳು ಬಿಟ್ಟು ಮತ್ತೆ ಬರಲಿ. ಒಮ್ಮೆ ನೋಡಿದ್ದು ನೆನಪಿನಲ್ಲಿ ನಿಲ್ಲುವುದು ಹೀಗೆ ಮತ್ತೆ ಮತ್ತೆ ಉತ್ತರಿಸಿದಾಗಲೇ.

‘ಪುಟ ತೆರೆದರೆ ಪೂರ್ಣ’ ಎಂಬ ಸೆಟ್ಟಿಂಗ್ ಇದ್ದರೆ ತೆಗೆಯಿರಿ. ಎಲ್ಲರೂ ಕೊನೆಯ ಪುಟ ಒತ್ತಿ ವರದಿ ನೂರಕ್ಕೆ ನೂರಾಗುತ್ತದೆ, ಕಲಿತದ್ದು ಏನೂ ಇರುವುದಿಲ್ಲ. ಪೂರ್ಣವಾಗಲು ಪರೀಕ್ಷೆಯ ಪಾಸ್ ಅಂಕವನ್ನೇ ಷರತ್ತಾಗಿ ಇಡಿ.

ಬಾಕಿ ಇರುವವರ ಹೆಸರನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ನಿವೃತ್ತಿಗೆ ಹತ್ತಿರದ ಅಟೆಂಡರ್ ಎಲ್ಲರ ಎದುರು ಮುಖಭಂಗವಾದರೆ ಮತ್ತೆ ಆ ಆ್ಯಪನ್ನು ತೆರೆಯಲಾರರು. ಶಾಖೆಯ ಮ್ಯಾನೇಜರ್ ಮೊದಲು ತಾವು ಮುಗಿಸಲಿ, ಆಮೇಲೆ ಬಾಕಿಯವರ ಹತ್ತಿರ ಹೋಗಿ ಎಲ್ಲಿ ನಿಂತಿತು ಎಂದು ಕೇಳಲಿ. ಸಿಕ್ಕಿದ ಉತ್ತರವನ್ನು ತಿಂಗಳ ಕೊನೆಗೆ ಪಾಠ ತಯಾರಿಸಿದವರಿಗೆ ತಲುಪಿಸಿ; ಮೂರು ಜನ ಒಂದೇ ಜಾಗದಲ್ಲಿ ನಿಂತಿದ್ದರೆ ತಿದ್ದಬೇಕಾದದ್ದು ಆ ಪಾಠವನ್ನು.